ಜಗಲಿಯಲ್ಲಿ ಉಳಿದ ಬುಟ್ಟಿ

ಕೆಟ್ಟುಹೋದ ಬಂಗುಡೆ ಮೀನಿನ ವಾಸನೆಗೆ ಎಲ್ಲರೂ ಮೂಗು ಮುಚ್ಚುತ್ತಾರೆ, ನನಗೆ ಮುಚ್ಚಲಾಗುವುದಿಲ್ಲ.

ಮಟ್ಟು ಊರಿನ ನಮ್ಮ ಮನೆಯ ಜಗಲಿಯಲ್ಲಿ ಆ ಮಧ್ಯಾಹ್ನ ಅಮ್ಮ ಬುಟ್ಟಿಯಿಂದ ಬಂಗುಡೆ ಆರಿಸುತ್ತಿದ್ದಳು. ಸೆರಗು ಜಾರಿ ತೋಳಿನ ನೀಲಿ ಗುರುತು ಕಂಡಿತು.

"ಎಂತ ಅದು?" ಎಂದರು ಬುಟ್ಟಿ ಇಳಿಸಿ ಕೂತಿದ್ದ, ಮೀನು ಮಾರುವ ಗಿರಿಜಕ್ಕ.

"ಗುಳ್ಳ ಬದನೆ ಕೊಯ್ಯುವಾಗ ಮುಳ್ಳು ತಾಗಿದ್ದು," ಎಂದೆ ನಾನು. ಅಪ್ಪ ಹೊಡೆದಾಗಲೆಲ್ಲ ಹಾಗೆ ಹೇಳಿ ನನಗೆ ಅಭ್ಯಾಸವಾಗಿತ್ತು.

"ಗುಳ್ಳದ ಗಿಡ ಕಿತ್ತು ತಿಂಗಳಾಯ್ತಲ್ಲ ಮಗಾ. ಮತ್ತೆ, ಮುಳ್ಳಿಗೆ ಐದು ಬೆರಳು ಉಂಟಾ?"

ಅಮ್ಮ ತಲೆ ಎತ್ತಲಿಲ್ಲ. "ಯಾರಿಗೆ ಹೇಳಿ ಎಂತ ಆಗ್ಲಿಕ್ಕುಂಟು ಅಕ್ಕಾ? ಸಾಕಾಗಿದೆ."

"ಆಶಾ ಕಾರ್ಯಕರ್ತೆಯ ಮನೆಗೆ ಹೋಗುವ. ನಾನೂ ಬರ್ತೇನೆ."

ಸಂಜೆ ಅಲ್ಲಿಂದ ನಮ್ಮ ಬಟ್ಟೆಬರೆ ತೆಗೆದುಕೊಳ್ಳಲು ಮೂವರೂ ಮರಳಿ ಬಂದಾಗ, ಜಗಲಿಯಲ್ಲೇ ಬಿಟ್ಟುಹೋಗಿದ್ದ ಬುಟ್ಟಿಯ ಮೀನೆಲ್ಲ ಬಿಸಿಲಿಗೆ ಕೆಟ್ಟುಹೋಗಿತ್ತು. ಗಿರಿಜಕ್ಕ ಅತ್ತ ನೋಡಲೂ ಇಲ್ಲ. ಅಮ್ಮನ ಸೀರೆಗಳನ್ನು ಮಡಚತೊಡಗಿದರು.