ಮೂರು ನಕ್ಷತ್ರಗಳ ಹಾಳೆ

“ನಾಲ್ಕನೇದು ಎಲ್ಲಿ?”

ಹಲ್ಲಿನ ಡಾಕ್ಟರು ಕೇಳಿದ್ದು ಖಾಲಿ ಕೋಣೆಯನ್ನು. ಮೇಜಿನ ಮೇಲೆ ಗೇಣುದ್ದದ ಯುದ್ಧವಿಮಾನದ ಮಾದರಿ, ಒಂದು ಬಟ್ಟಲು ನೀರು, ಈಗಷ್ಟೇ ಅಂಚೆಯಲ್ಲಿ ಬಂದ ಡಿಕಾಲ್ ಹಾಳೆ. ಉತ್ತರ ಕೊಡಲು ಬೇರೆ ಯಾರೂ ಇರಲಿಲ್ಲ.

ಮಾದರಿಯ ಪೆಟ್ಟಿಗೆಯಲ್ಲೇ ಬರುವ ಸಾಮಾನು ಅವರ ಕಣ್ಣಿಗೆ ಹಿಡಿಸಿರಲಿಲ್ಲ. ಅಪ್ಪ ಹಾರಿಸಿದ ಹದಿನೇಳನೇ ನಂಬರಿನ ವಿಮಾನ ಇದ್ದದ್ದು ಇದ್ದ ಹಾಗೇ ಬರಬೇಕು. ಅದಕ್ಕೆಂದೇ ಪೈಲಟ್ ಸೀಟನ್ನು ಒಬ್ಬರಿಂದ, ಕೂದಲೆಳೆಯಂಥ ಹಿತ್ತಾಳೆ ಬೆಲ್ಟುಗಳನ್ನು ಇನ್ನೊಬ್ಬರಿಂದ ತರಿಸಿದ್ದರು. ನೀರಲ್ಲಿ ನೆನೆಸಿ, ಕಾಗದದಿಂದ ಜಾರಿಸಿ ಮೈಗೆ ಕೂರಿಸುವ ಅಂಕಿ, ಲಾಂಛನಗಳ ಹಾಳೆ ಮಾತ್ರ, ಅವನ್ನು ಅಚ್ಚು ಹಾಕಿಕೊಡುವ ‘ಡಿಕಾಲ್ ಅಕ್ಕ’ನದೇ ಆಗಬೇಕಿತ್ತು. ಗೆರೆಯೊಂದು ಕೂದಲಷ್ಟು ಆಚೀಚೆಯಾದರೂ ಅವಳಿಗೆ ನಿದ್ದೆ ಬರುವುದಿಲ್ಲ ಎಂದು ಹವ್ಯಾಸಿಗಳು ಹೇಳುತ್ತಿದ್ದರು.

ಅಂಥವಳು ಎಡವಿದ್ದಳು. ಕೆಡವಿದ ಶತ್ರುವಿಮಾನಕ್ಕೊಂದರಂತೆ ಹದಿನೇಳರ ಮೂತಿಯ ಪಕ್ಕದಲ್ಲಿ ನಾಲ್ಕು ಹಳದಿ ನಕ್ಷತ್ರ ಇರಬೇಕು. ಅಪ್ಪನಿದ್ದ ವಿಮಾನದಳದ ಸ್ಮರಣಸಂಚಿಕೆಯಲ್ಲಿ ನಾಲ್ಕು ಎಂದೇ ಅಚ್ಚಾಗಿತ್ತು. ಹಾಳೆಯಲ್ಲಿ ಇದ್ದದ್ದು ಮೂರು. ಕೂರಿಸುವಾಗ ಹರಿದರೆ ಇರಲಿ ಎಂದು ಪ್ರತಿಯೊಂದು ಗುರುತಿಗೂ ಒಂದು ಹೆಚ್ಚಿಗೆ ಕೊಡುವುದು ಅಕ್ಕನ ಪದ್ಧತಿ, ಸಾಸಿವೆ ಗಾತ್ರದ ಎಚ್ಚರಿಕೆ ಬರಹಕ್ಕೂ ಸಹ. ನಕ್ಷತ್ರಕ್ಕೆ ಮಾತ್ರ ಇಲ್ಲ. ಮೇಲಾಗಿ ಮೂರನ್ನೂ ಒಂದೇ ಬಿಗಿ ಚೌಕಟ್ಟಿನೊಳಗೆ ಸೇರಿಸಿಬಿಟ್ಟಿದ್ದಳು. ಪಕ್ಕದಲ್ಲಿ ಇನ್ನೊಂದು ಕೂರಿಸಿದರೆ ತೇಪೆ ಹಾಕಿದಂತೆ ಕಾಣುತ್ತದೆ.

ಭಾನುವಾರ ಮಾದರಿ ವಿಮಾನಗಳ ಪ್ರದರ್ಶನ. ದಳದಲ್ಲಿ ಬದುಕುಳಿದ ಐದಾರು ಮುದುಕರು ಬರುತ್ತಾರೆ. ಅವರೆಲ್ಲರ ಎದುರಿಗೆ ಈ ವಿಮಾನವನ್ನು ಅಪ್ಪನ ಕೈಗಿಡಬೇಕೆಂದು ಡಾಕ್ಟರು ಎರಡು ವರ್ಷ ಕಣ್ಣು ಸವೆಸಿದ್ದರು. ಅಪ್ಪನ ನೋಟ ದಿನೇ ದಿನೇ ಮಂಜಾಗುತ್ತಿತ್ತು. ಮುಂದಿನ ಪ್ರದರ್ಶನದ ಹೊತ್ತಿಗೆ ತೋರಿಸಿಯೂ ಪ್ರಯೋಜನವಿಲ್ಲ.

ರಾತ್ರಿ ವಿಷಯ ತಿಳಿಸಿದಾಗ, “ಮೂರು ಸಾಕು ಕಣೋ” ಎಂದರು ಅಪ್ಪ, ಗೋಡೆಯ ಕಡೆ ತಿರುಗಿಕೊಂಡು. ಯುದ್ಧದ ಮಾತೆತ್ತಿದರೆ ಅವರು ಯಾವಾಗಲೂ ಹಾಗೇ. ವಿನಯ.

ಮರುದಿನ ಬೆಳಗಿನ ರೋಗಿಗಳನ್ನೆಲ್ಲ ಮಧ್ಯಾಹ್ನಕ್ಕೆ ತಳ್ಳಿ, ಹಾಳೆ ಹಿಡಿದು, ಡಾಕ್ಟರು ಹೊರಟೇಬಿಟ್ಟರು.

ಬೀಗ ರಿಪೇರಿ ಅಂಗಡಿಯ ಮಹಡಿಯ ಮೇಲೆ ಅಕ್ಕನ ಕೋಣೆ. ಕೆಳಗಿನಿಂದ ಅರ ಉಜ್ಜುವ ಸದ್ದು ಹಲ್ಲು ಜುಂ ಎನ್ನಿಸುತ್ತಿತ್ತು. ಐವತ್ತು ದಾಟಿದ ಹೆಂಗಸು ಹಣೆಯ ಮೇಲೆ ಭೂತಗನ್ನಡಿ ಏರಿಸಿಕೊಂಡು ಅಚ್ಚಾದ ಹಾಳೆಗಳ ಅಂಚು ಕತ್ತರಿಸುತ್ತಿದ್ದಳು. ಕೂತುಕೊಳ್ಳಿ ಎನ್ನಲಿಲ್ಲ.

“ಏನಮ್ಮಾ, ಎಣಿಸೋಕೆ ಬರಲ್ವಾ ನಿಮಗೆ?”

“ಬರುತ್ತೆ ಡಾಕ್ಟ್ರೇ. ಮೂರರ ತನಕ ಚೆನ್ನಾಗೇ ಬರುತ್ತೆ.”

“ತಮಾಷೆ ಬೇಡ. ನಾನು ತಪ್ಪು ಹಲ್ಲು ಕಿತ್ರೆ ರೋಗಿ ಸುಮ್ನೆ ಬಿಡ್ತಾನಾ?”

“ಬಿಡದೆ ಏನ್ಮಾಡ್ತಾನೆ? ಕಿತ್ತಿದ್ದನ್ನ ವಾಪಸ್ ಕೂರಿಸೋಕಾಗುತ್ತಾ?”

ಡಾಕ್ಟರು ಸ್ಮರಣಸಂಚಿಕೆಯನ್ನು ಮೇಜಿಗೆ ಬಡಿದರು. “ಓದಿ! ನಮ್ಮಪ್ಪನ ಕೊನೇ ಹಾರಾಟ. ದಟ್ಟ ಮೋಡ. ಎದುರಿಗೆ ಒಂದು ಬಾಲ ಕಂಡಿದೆ, ಅಷ್ಟೇ. ಕಣ್ಣು ಮಿಟುಕಿಸೋದ್ರೊಳಗೆ ಕೆಡವಿದ್ದಾರೆ.”

“ಆ ಪುಟ ನನಗೆ ಬಾಯಿಪಾಠ.” ಅಕ್ಕ ತಲೆ ಎತ್ತಲಿಲ್ಲ. “ನಿಮ್ಮ ತಂದೆಯವರ ಬಲಗೈ ಈಗ್ಲೂ ನಡುಗುತ್ತಾ?”

“ನಿಮಗೆ ಯಾರು ಹೇಳಿದ್ರು?”

“ವಯಸ್ಸಾದೋರಿಗೆ ನಡುಗುತ್ತಲ್ಲ.”

ಡಾಕ್ಟರ ಕಣ್ಣು ಅವಳ ಬೆನ್ನ ಹಿಂದಿನ ಕಪಾಟಿಗೆ ಹೋಯಿತು. ಗಾಜಿನೊಳಗೆ ಒಂದೇ ಒಂದು ವಿಮಾನ. ಅದೇ ಜಾತಿ, ಅದೇ ದಳದ ಲಾಂಛನ, ನಂಬರು ಇಪ್ಪತ್ತೆರಡು. ಮೂತಿಯ ಪಕ್ಕ ಬರಿದು.

“ಇದ್ಯಾರದು?”

“ನಮ್ಮಪ್ಪಂದು.”

“ಓಹೋ!” ಡಾಕ್ಟರು ಬಾಯ್ತುಂಬ ನಕ್ಕರು. “ಈಗ ಗೊತ್ತಾಯ್ತು. ನಿಮ್ಮಪ್ಪನಿಗೆ ಒಂದೂ ದಕ್ಕಲಿಲ್ಲ, ಅದಕ್ಕೆ ನಮ್ಮಪ್ಪನದೊಂದು ನುಂಗಿ ನೀರು ಕುಡಿದ್ರಿ. ಹೊಟ್ಟೆಕಿಚ್ಚಿಗೂ ಒಂದು ಮಿತಿ ಬೇಡ್ವಾ? ಭಾನುವಾರ ಅಷ್ಟೂ ಜನರ ಎದುರಿಗೆ ಈ ಹಾಳೆ ಹರಿದು ಬಿಸಾಕ್ತೀನಿ. ಆಮೇಲೆ ನಿಮ್ಮ ಹತ್ರ ಒಂದು ಸೊನ್ನೇನೂ ಯಾರೂ ತಗೊಳಲ್ಲ.”

“ಹರೀರಿ.”

ಬ್ಲೇಡು ಅಳತೆಪಟ್ಟಿಯ ಅಂಚಿನುದ್ದಕ್ಕೂ ಸರ್ರನೆ ಜಾರಿತು. ಕತ್ತರಿಸಿದ ಎಳೆ ಸುರುಳಿಯಾಗಿ ನೆಲಕ್ಕೆ ಬಿತ್ತು. ಇಂಥ ಹೆಂಗಸಿನ ಮುಂದೆ ಕೂಗಾಡಿ ಪ್ರಯೋಜನವಿಲ್ಲ ಎಂದು ಡಾಕ್ಟರಿಗೆ ಹೊಳೆಯಿತು. ದನಿ ತಗ್ಗಿಸಿದರು.

“ಎಲ್ಲಿದ್ದಾರೆ ಈಗ ನಿಮ್ಮಪ್ಪ?”

“ನಾಲ್ಕನೇದು ಬಿತ್ತು ಅಂತೀರಲ್ಲ, ಅವತ್ತೇ ಹೋದೋರು ಬರ್ಲಿಲ್ಲ. ನಂಗಾಗ ನಾಲ್ಕು ವರ್ಷ.”

ಡಾಕ್ಟರಿಗೆ ಹಿಡಿ ಸಿಕ್ಕಂತಾಯಿತು. ಕುರ್ಚಿ ಎಳೆದುಕೊಂಡು ಕೂತೇಬಿಟ್ಟರು. “ನೋಡಿ ಮತ್ತೆ! ನಿಮ್ಮಪ್ಪನ್ನ ಹೊಡೆದವನನ್ನೇ ನಮ್ಮಪ್ಪ ಕೆಡವಿರ್ಬೇಕು. ಆ ನಕ್ಷತ್ರ ನಿಮ್ಮ ಮನೆ ಸೇಡು ಕಣ್ರೀ. ನೀವು ಅದಕ್ಕೆ ಕೈ ಮುಗೀಬೇಕು, ಅಳಿಸೋದಲ್ಲ.” ತಾವೇ ಕೈ ಮುಗಿದರು. ಜನ್ಮದಲ್ಲಿ ಯಾರೆದುರಿಗೂ ಮುಗಿದವರಲ್ಲ. “ಕೇಳ್ಕೊಳ್ತೀನಿ ಅಕ್ಕಾ. ನಮ್ಮಪ್ಪನ ಕಣ್ಣು ಪೂರ್ತಿ ಹೋಗೋ ಮುಂಚೆ. ಒಂದು, ಒಂದೇ ಒಂದು ಹಾಕಿಕೊಡಿ.”

ಅಕ್ಕ ಬ್ಲೇಡು ಕೆಳಗಿಟ್ಟಳು. ಮೊದಲ ಸಲ ಅವರ ಮುಖ ನೋಡಿದಳು.

“ಅವತ್ತು ಶತ್ರುಗಳ ಒಂದು ವಿಮಾನವೂ ಮೇಲೆದ್ದಿರ್ಲಿಲ್ಲ ಡಾಕ್ಟ್ರೇ, ಮೋಡದಲ್ಲಿ ಕಂಡಿದ್ದು ಇಪ್ಪತ್ತೆರಡರ ಬಾಲ ಅಂತ ಹೋದ ವರ್ಷ ನಿಮ್ಮ ತಂದೆಯವರೇ ಈ ಕುರ್ಚೀಲಿ ಕೂತು ಅತ್ತು, ಮೂರೇ ಹಾಕು ತಾಯಿ ಅಂತ ಬೇಡ್ಕೊಂಡು ಹೋದ್ರು, ನಾಲ್ಕನೇದು ನಾನು ಹಾಕಲ್ಲ.”