ಹೆಸರಿಲ್ಲದ ಲಕೋಟೆ

"ಯಾರಿಗೆ ಕೊಡ್ಲಿ ಮೇಡಂ ಇದನ್ನ?" ವಿಶ್ವವಿದ್ಯಾಲಯಕ್ಕೆಲ್ಲ ದೊಡ್ಡಮ್ಮನಾಗಿದ್ದ ಅಟೆಂಡರ್ ಲಕೋಟೆಯನ್ನು ತಿರುಗಿಸಿ ಮುರುಗಿಸಿ ನೋಡಿದಳು. ‘ಅತಿ ಗೋಪ್ಯ’ ಎಂಬ ಕೆಂಪು ಮುದ್ರೆ ಬಿಟ್ಟರೆ ಮೇಲೆ ಒಂದಕ್ಷರವಿಲ್ಲ.

"ಆರೋಪಿಗೆ," ಎಂದರು ಕಿರುಕುಳ ದೂರು ಸಮಿತಿಯ ಅಧ್ಯಕ್ಷೆ.

"ಅದೇ, ಯಾರು ಅಂತ?"

"ಹೆಸರು ಹೊರಗೆ ಬರಬಾರದು ಅಂತ ಮೂರು ಸಭೆ ಮಾಡಿ ತೀರ್ಮಾನ ಆಗಿದೆ. ಐದು ಗಂಟೆಯೊಳಗೆ ತಲುಪಿಸಿ ಸಹಿ ತಗೊಂಡು ಬಾ. ಇವತ್ತೇ ಕೊನೇ ದಿನ. ತಲುಪದಿದ್ರೆ ದೂರು ಬಿದ್ದುಹೋಗುತ್ತೆ."

ಇಪ್ಪತ್ತಾರು ವರ್ಷ ಇಲ್ಲಿನ ಕಾಗದ ಹೊತ್ತು ಮಂಡಿ ಸವೆಸಿಕೊಂಡ ದೊಡ್ಡಮ್ಮನಿಗೆ ಇಂಥ ಘನಂದಾರಿ ಬುದ್ಧಿವಂತಿಕೆ ಹೊಸದೇನಲ್ಲ. ಅವಳು ಲಕೋಟೆಯನ್ನು ಸಹಿ ರಿಜಿಸ್ಟರಿನೊಳಗಿಟ್ಟುಕೊಂಡು ಹೊರಟಳು. ದೂರು ಕೊಟ್ಟ ಹುಡುಗಿ ಹೊರಗೆ ಮೆಟ್ಟಿಲ ಮೇಲೆ ಕೂತು ಉಗುರು ಕಚ್ಚುತ್ತಿದ್ದಳು. ದೂರು ಬಿದ್ದರೆ ಇನ್ನೆರಡು ವರ್ಷ ಆ ಮಹಾನುಭಾವನ ಪಾಠಕ್ಕೇ ಅವಳು ಕೂರಬೇಕು.

"ಯಾರಮ್ಮಾ ಅದು? ನನ್ನ ಕಿವೀಲಿ ಹೇಳು."

"ಯಾರ ಹತ್ರನೂ ಬಾಯಿ ಬಿಡಲ್ಲ ಅಂತ ಬರೆಸ್ಕೊಂಡಿದಾರೆ ದೊಡ್ಡಮ್ಮಾ. ಬಿಟ್ರೆ ದೂರೇ ವಜಾ ಅಂತೆ." ಅವಳ ಕಣ್ಣು ತುಂಬಿತು.

"ಇವರ ನಿಯಮಕ್ಕಿಷ್ಟು ಬೆಂಕಿ ಹಾಕ! ಬಾ ನನ್ನ ಜೊತೆ." ದೊಡ್ಡಮ್ಮ ಅವಳನ್ನು ಬಾಗಿಲ ಮರೆಯಲ್ಲಿ ನಿಲ್ಲಿಸಿ, ಅವಳ ವಿಭಾಗದ ಅಧ್ಯಾಪಕರ ಕೋಣೆಗೆ ನುಗ್ಗಿದಳು. ಐವರು ಮೇಷ್ಟ್ರುಗಳು ಚಹಾ ಕುಡಿಯುತ್ತಿದ್ದರು. ಐದಕ್ಕೆ ಇನ್ನು ಹತ್ತೇ ನಿಮಿಷ.

"ಸಾರ್, ಕಿರುಕುಳ ಸಮಿತಿ ನೋಟೀಸು. ಹೆಸರು ಬರೆದಿಲ್ಲ. ಯಾರದೋ ಅವರೇ ತಗೊಂಡು ಸೈನ್ ಹಾಕ್ಬಿಡಿ."

ಒಬ್ಬರು ಕಪ್ಪಿನೊಳಗೇ ಮುಖ ಹುದುಗಿಸಿದರು. ಇನ್ನೊಬ್ಬರು ಪತ್ರಿಕೆಯನ್ನು ತಲೆಕೆಳಗಾಗಿ ಹಿಡಿದು ಭಾರೀ ಏಕಾಗ್ರತೆಯಿಂದ ಓದತೊಡಗಿದರು.

"ಆಯ್ತು ಬಿಡಿ. ಯಾರೂ ತಗೊಳ್ಳದಿದ್ರೆ ಬಿಚ್ಚಿ ಕೆಳಗೆ ನೋಟೀಸ್ ಬೋರ್ಡಿಗೆ ಹಚ್ಚೋದೇ ನಿಯಮ. ಮೊಬೈಲ್ ಮೆಸೇಜೆಲ್ಲಾ ಪ್ರಿಂಟ್ ಹಾಕ್ಸಿ ಒಳಗಿಟ್ಟಿದಾರಂತೆ." ಅಂಥ ನಿಯಮ ಎಲ್ಲೂ ಇರಲಿಲ್ಲ. ನಿಂತ ನಿಲುವಿನಲ್ಲೇ ಅವಳು ಹುಟ್ಟಿಸಿದ್ದು.

ಕುರ್ಚಿಗಳು ಕಿರ್ರೆಂದವು. ಕಪ್ಪೊಂದು ಉರುಳಿತು. ನಾಲ್ಕು ಕೈಗಳು ಒಟ್ಟಿಗೇ ಮುಂದೆ ಬಂದವು. "ನಂದು!" "ಅಲ್ಲ ಅಲ್ಲ, ಅದು ನಂದೇ, ಇಲ್ಲಿ ಕೊಡಮ್ಮಾ!" ಹೋದ ವಾರವಷ್ಟೇ ಕೆಲಸಕ್ಕೆ ಸೇರಿದ್ದ ಐದನೆಯವರು ಮಾತ್ರ ಬಾಯಿ ಬಿಟ್ಟುಕೊಂಡು ಕೂತಿದ್ದರು.

"ನೂಕಾಡ್ಬೇಡಿ ಸಾರ್, ಸಾಲಾಗಿ ಬನ್ನಿ. ಮೊದಲು ಸೈನು." ದೊಡ್ಡಮ್ಮ ಲಕೋಟೆಯನ್ನು ಬೆನ್ನ ಹಿಂದಿಟ್ಟುಕೊಂಡು ರಿಜಿಸ್ಟರ್ ಚಾಚಿದಳು.

ನಾಲ್ಕು ಸಹಿ ಬಿದ್ದ ಮೇಲೆ ರಿಜಿಸ್ಟರನ್ನು ಬಾಗಿಲಾಚೆಗೆ ಒಯ್ದಳು. ಹುಡುಗಿ, ತಾನು ಬರೆದುಕೊಟ್ಟ ಮಾತಿಗೆ ತಪ್ಪದೆ, ಬಾಯಿ ಬಿಗಿ ಹಿಡಿದೇ, ಮೂರನೆಯ ಸಹಿಯ ಮೇಲೆ ಬೆರಳಿಟ್ಟಳು. ಅವಳಿಗೆ ಅಳುವೂ ನಗುವೂ ಒಟ್ಟಿಗೇ ಬಂತು. ದೊಡ್ಡಮ್ಮ ಒಳಗೆ ಹೋಗಿ ಮೂರನೆಯವರ ಕೈಯಲ್ಲಿ ಲಕೋಟೆ ಇಟ್ಟು, ಅಲ್ಲೇ ನಿಂತು ಅಧ್ಯಕ್ಷೆಗೆ ಫೋನು ಮಾಡಿದಳು.

"ತಲುಪಿತು ಮೇಡಂ. ಆದ್ರೆ ಇನ್ನೂ ಮೂರು ಲಕೋಟೆ ಬೇಕಾಗಿತ್ತು. ಪಾಪ, ಇಲ್ಲಿ ಸೈನ್ ಹಾಕಿ ಕಾಯ್ತಾ ನಿಂತಿದಾರೆ."