ಬೀರುವಿನಲ್ಲಿ ಕ್ರಾಂತಿ

"ಅಮ್ಮಾ! ಬೀರು ಎಲ್ಲಿ?"

ಕಾಲೇಜಿನಿಂದ ಬಂದವಳು ಬಾಗಿಲಲ್ಲೇ ನಿಂತು ಹೀಗೆ ಚೀರಿದರೆ ಯಾವ ತಾಯಿಗೆ ಎದೆ ಧಸಕ್ಕೆನ್ನುವುದಿಲ್ಲ? ಇಸ್ತ್ರಿಪೆಟ್ಟಿಗೆಯನ್ನು ಎತ್ತಿ ಹಿಡಿದುಕೊಂಡೇ ಅಮ್ಮ ತಿರುಗಿದಳು. ಹೋಟೆಲಿನ ಚಾದರಗಳು ಮೂಟೆ ಮೂಟೆಯಾಗಿ ಬಂದು ಬಿದ್ದಿದ್ದವು, ನಾಳೆ ಸಂಜೆಯೊಳಗೆ ಮಡಿಸಿ ಕೊಡಬೇಕಿತ್ತು. ಅಷ್ಟು ದೊಡ್ಡ ಚಾದರ ಹರವಲು ನಡುಮನೆಯಲ್ಲಿ ಜಾಗವೆಲ್ಲಿ? ಅದಕ್ಕೇ ಮಧ್ಯಾಹ್ನ ಗಂಡನನ್ನು ನಿದ್ದೆಯಿಂದ ಎಬ್ಬಿಸಿ, ಬೀರುವನ್ನು ಮಲಗುವ ಕೋಣೆಗೆ ತಳ್ಳಿಸಿ, ಊಟದ ಮೇಜನ್ನು ಕಿಟಕಿಗೆ ಎಳೆಸಿ, ಸೈಕಲ್ಲನ್ನು ಅಡುಗೆಮನೆ ಬಾಗಿಲಿಗೆ ಒರಗಿಸಿದ್ದಳು.

"ಒಳಗಿದೆ ಹೋಗೇ. ಕಳ್ಳರು ಬಂದ ಹಾಗೆ ಯಾಕೆ ಕಿರುಚ್ತೀಯ?"

"ಬೀರೂಲಿ ಇಡೀ ಸೆರೆಮನೆ ಇಟ್ಟಿದ್ದೆ ಕಣಮ್ಮಾ! ನಾಳೆ ಪರೀಕ್ಷೆ!"

ಅಮ್ಮ ಇಸ್ತ್ರಿಪೆಟ್ಟಿಗೆಯನ್ನು ಕೆಳಗಿಟ್ಟು ಮಗಳ ಹಣೆ ಮುಟ್ಟಿ ನೋಡಿದಳು. ಜ್ವರವಿರಲಿಲ್ಲ. ಹಾಗಾದರೆ ಓದಿ ಓದಿ ತಲೆಯೇ ಕೆಟ್ಟಿರಬೇಕು. ಹೋದ ಸಲ ಇದೇ ಚರಿತ್ರೆಯಲ್ಲಿ ನಪಾಸಾಗಿದ್ದಳು. ಪುಸ್ತಕದ ಒಂದು ಸಾಲನ್ನೂ ಬಿಡದೆ ಹಳದಿ ಬಣ್ಣ ಬಳಿದು, ಬಳಿದದ್ದನ್ನೇ ಓದಿದ್ದು ಅಂದುಕೊಂಡಿದ್ದಳು. ನಾಳೆಯೂ ಕೈಕೊಟ್ಟರೆ ಗೆಳತಿಯರೆಲ್ಲ ಮುಂದಿನ ತರಗತಿಗೆ, ಇವಳೊಬ್ಬಳು ಒಂದು ವರ್ಷ ಮನೆಗೆ.

ಮಗಳು ಮೂಗೊರೆಸಿಕೊಳ್ಳುತ್ತ ಬಿಡಿಸಿ ಹೇಳಿದಳು. ಮೇಷ್ಟರು ಒಂದು ಉಪಾಯ ಕಲಿಸಿದ್ದರು. ಕ್ರಾಂತಿಯ ಪಾಠದಲ್ಲಿ ನೆನಪಿಡಬೇಕಾದ ಒಂದೊಂದು ಸಂಗತಿಯನ್ನೂ ಮನೆಯ ಒಂದೊಂದು ಸಾಮಾನಿನ ಮೇಲೆ ಕೂರಿಸಬೇಕು. ಪರೀಕ್ಷೆಯಲ್ಲಿ ಕಣ್ಣು ಮುಚ್ಚಿ, ಬಾಗಿಲಿನಿಂದ ಒಳಗೆ ನಡೆದುಕೊಂಡು ಬಂದರೆ ಎಲ್ಲವೂ ಸಾಲಾಗಿ ಸಿಗುತ್ತದೆ. ಬಾಗಿಲ ಪಕ್ಕದ ಬೀರು ಜನ ಮುತ್ತಿದ ಸೆರೆಮನೆ. ಊಟದ ಮೇಜಿನ ಮೇಲೆ ಬ್ರೆಡ್ಡಿಗಾಗಿ ಬೊಬ್ಬೆ ಹೊಡೆಯುವ ಹೆಂಗಸರು. ಆಮೇಲೆ ಸೈಕಲ್ಲು, ಅದನ್ನು ಹತ್ತಿ ರಾಜ ಪರಾರಿ. ಕನ್ನಡಿಯ ಹತ್ತಿರ ರಾಜನ ತಲೆ ಕತ್ತರಿಸುತ್ತಾರೆ. ಕೊನೆಗೆ ಫ್ರಿಜ್ಜು, ಅದರೊಳಗೆ ಹಿಮದಲ್ಲಿ ಸಿಕ್ಕಿಬಿದ್ದ ಸೈನ್ಯ.

"ನನ್ನ ಫ್ರಿಜ್ಜಿನೊಳಗಾ? ಹಾಲಿನ ಪಕ್ಕ?"

"ಮನಸ್ಸಲ್ಲಿ ಅಮ್ಮಾ!"

"ಮನಸ್ಸಲ್ಲಿ ಇಟ್ಟಿದ್ದು ಮನಸ್ಸಲ್ಲೇ ಇರುತ್ತಪ್ಪ. ನಾನು ಹೊರಗಡೆ ಬೀರು ತಳ್ಳಿದ್ರೆ ನಿನಗೇನು ಹೋಯ್ತು? ಕಣ್ಣು ಮುಚ್ಚು. ಹಳೇ ಮನೆ ನೋಡ್ಕೊಂಡು ಹೇಳು, ನಾನೂ ಕೇಳ್ತೀನಿ."

ಮಗಳು ಕಣ್ಣು ಮುಚ್ಚಿ ಎರಡು ಹೆಜ್ಜೆ ಇಟ್ಟಳು. ಸೆರೆಮನೆ ಸಿಗಲಿಲ್ಲ. ಹೆಂಗಸರು ಕಿಟಕಿಯ ಹತ್ತಿರ ಹೋಗಿದ್ದರು, ಅವರ ಮೇಲೆ ಒದ್ದೆ ಚಾದರ ಹೊದಿಸಲಾಗಿತ್ತು. "ಆಮೇಲೆ ಕನ್ನಡಿ... ರಾಜನ ತಲೆ ಕತ್ತರಿಸಿದರು," ಎಂದವಳು ಮುಂದೆ ಹೋಗಿ ಧಡ್ಡನೆ ಸೈಕಲ್ಲಿಗೆ ಡಿಕ್ಕಿ ಹೊಡೆದಳು. "ಆಮೇಲೆ ರಾಜ ಸೈಕಲ್ ಹತ್ತಿ ಓಡಿಹೋದ!"

"ತಲೆ ಇಲ್ಲದೇನಾ?" ಎಂದ ಅಪ್ಪ, ಕೋಣೆಯ ಬಾಗಿಲಲ್ಲಿ ನಿಂತು. ಅವನು ಬಸ್ಸು ಓಡಿಸುವವನು. "ದಾರಿ ಹೇಗೆ ಕಾಣುತ್ತೆ ಪಾಪ?"

ಅಮ್ಮನಿಗೆ ನಗು ಉಕ್ಕಿ ಬಂತು. ಆದರೆ ಮಗಳು ಮೊಣಕಾಲು ಉಜ್ಜಿಕೊಳ್ಳುತ್ತ ಅಲ್ಲೇ ಕುಕ್ಕರಿಸಿ ಬಿಕ್ಕತೊಡಗಿದಾಗ ಆ ನಗು ಸಿಟ್ಟಾಯಿತು. ಸಿಟ್ಟು ಬಂದರೆ ಅವಳ ಕಣ್ಣು ಹುಡುಕುವುದು ಒಬ್ಬನನ್ನೇ.

"ನಿಂತು ಹಲ್ಲು ಕಿರೀತೀರಲ್ರೀ! ಹಿಡೀರಿ ಬೀರು!"

"ಈಗಷ್ಟೇ ಮಧ್ಯಾಹ್ನ ತಳ್ಳಿದ್ದೀನಲ್ಲೇ. ನನ್ನ ಸೊಂಟಕ್ಕೆ ಯಾವ ಕ್ರಾಂತಿನೂ ಬೇಡ."

"ಮಗಳ ಒಂದು ವರ್ಷ ಮಣ್ಣುಪಾಲಾದ್ರೆ ನಿಮ್ಮ ಸೊಂಟ ಕಟ್ಕೊಂಡು ನಾನೇನ್ ಮಾಡ್ಲಿ? ಹಿಡೀರಿ ಅಂದ್ನಲ್ಲ!"

ಬೀರು ಕರ್ರೋ ಎಂದು ಕಿರುಚುತ್ತ ವಾಪಸು ಬಂತು. "ಇನ್ನೊಂದು ಸ್ವಲ್ಪ ಎಡಕ್ಕೆ ಅಪ್ಪಾ, ಸೆರೆಮನೆ ಬಾಗಿಲು ತೆರೆಯಲ್ಲ," ಎಂದಳು ಮಗಳು. ಅಪ್ಪ ದೇವರ ಹೆಸರು ಬಿಟ್ಟು ಉಳಿದದ್ದೆಲ್ಲ ಹೇಳಿಕೊಂಡು ತಳ್ಳಿದ. ಮೇಜು, ಸೈಕಲ್ಲು ತಮ್ಮ ತಮ್ಮ ಜಾಗ ಸೇರಿದವು. ಮಗಳು ಮತ್ತೆ ಕಣ್ಣು ಮುಚ್ಚಿದಳು. ಬಾಗಿಲಿನಿಂದ ಫ್ರಿಜ್ಜಿನವರೆಗೆ ಎಲ್ಲೂ ಎಡವಲಿಲ್ಲ, ಒಂದು ಇಸವಿಯೂ ತಪ್ಪಲಿಲ್ಲ. ಅಮ್ಮ ಚಾದರದ ಒಂದು ಕೊನೆ ಹಿಡಿದುಕೊಂಡು ಬಾಯಿ ತೆರೆದು ಕೇಳಿದಳು. ಹೋದ ಸಲ ಪುಸ್ತಕದ ಹೆಸರು ಕೇಳಿದ್ದಕ್ಕೇ ತಡವರಿಸಿದ ಹುಡುಗಿ ಇವಳೇನಾ?

ಮರುದಿನ ಮಗಳು ಪರೀಕ್ಷೆಗೆ ಹೋದ ಮೇಲೆ ಅಮ್ಮ ಅಡುಗೆಮನೆಯ ನೆಲದಲ್ಲಿ, ಒಲೆಕಟ್ಟೆಗೂ ಗೋಡೆಗೂ ನಡುವೆ ಮುದುಡಿ ಕೂತು, ಒಂದೊಂದೇ ಚಾದರವನ್ನು ನಾಲ್ಕು ಮಡಿಕೆ ಮಾಡಿ ಇಸ್ತ್ರಿ ತಿಕ್ಕಿದಳು. ಬೆನ್ನು ಬಿಲ್ಲಾಗಿತ್ತು. ನಡುಮನೆಯಲ್ಲಿ ಕಸ ಕೂಡ ಗುಡಿಸಿರಲಿಲ್ಲ.

ಕೆಲಸ ಮುಗಿಸಿ ಬಂದ ಅಪ್ಪ ಚೀಲವನ್ನು ಮೇಜಿನ ಮೇಲೆ ಎಸೆಯಲು ಕೈ ಎತ್ತಿದ್ದೇ ತಡ, ಅಮ್ಮ ಬಿಸಿ ಇಸ್ತ್ರಿಪೆಟ್ಟಿಗೆ ಹಿಡಿದುಕೊಂಡೇ ಓಡಿಬಂದಳು.

"ಶ್! ಪಕ್ಕಕ್ಕೆ ಬನ್ರೀ! ನಡುದಾರೀಲಿ ನಿಂತಿದ್ದೀರಲ್ಲ, ಮಗಳು ಈಗ ಮನೇಲಿ ಓಡಾಡ್ತಿದ್ದಾಳೆ."

ಅಪ್ಪ ಖಾಲಿ ನಡುಮನೆಯನ್ನು ನೋಡಿದ. ಹೆಂಡತಿಯ ಮುಖ ನೋಡಿದ. ಅವಳ ಕೈಯಲ್ಲಿದ್ದುದನ್ನೂ ನೋಡಿದ.

"ಎಲ್ಲೀತನಕ ಬಂದ್ಲು?" ಎಂದು ಪಿಸುಗುಟ್ಟಿದ.

ಅಮ್ಮ ಗಡಿಯಾರದ ಕಡೆ ಕಣ್ಣು ಹಾಯಿಸಿದಳು. "ಮೇಜು ದಾಟಿರಬೇಕು."

ಅಪ್ಪ ಚೀಲವನ್ನು ಎದೆಗವಚಿಕೊಂಡು, ಹೊಟ್ಟೆಯನ್ನು ಒಳಗೆಳೆದುಕೊಂಡು, ಗೋಡೆಗೆ ಅಂಟಿ ನಿಂತು ಮಗಳಿಗೆ ದಾರಿ ಬಿಟ್ಟ.